ತಾರೀಖಿಲ್ಲದ ಭರವಸೆ

ಸಲಿಂಗ ಜೋಡಿಗಳ ಸಮಸ್ಯೆಗಳನ್ನು ಸಮಿತಿಯೊಂದು ನೋಡಿಕೊಳ್ಳುತ್ತದೆ ಎಂದು ಸರ್ಕಾರ ಸುಪ್ರೀಂ ಕೋರ್ಟ್‌ಗೆ ಮಾತು ಕೊಟ್ಟಿತು. ಯಾವಾಗ ಎಂದು ಹೇಳಲಿಲ್ಲ. ಕೋರ್ಟ್ ತನ್ನ ತೀರ್ಪಿನಲ್ಲಿ ಗಡುವು ಹಾಕಲೂ ಇಲ್ಲ. ಆ ತೀರ್ಪಿಗೆ 2025ರ ಅಕ್ಟೋಬರ್‌ನಲ್ಲಿ ಎರಡು ವರ್ಷ ತುಂಬಿತು. ಒಂದೇ ಸೂರಿನಡಿ ಬಾಳುವ ಇಬ್ಬರು ಹೆಂಗಸರು, ಇಬ್ಬರು ಗಂಡಸರು ಕಾನೂನಿನ ಲೆಕ್ಕದಲ್ಲಿ ಇಂದಿಗೂ ಪರಸ್ಪರ ಯಾರೂ ಅಲ್ಲ.

2023ರ ಅಕ್ಟೋಬರ್ 18. ದೆಹಲಿಯ ಸುಪ್ರೀಂ ಕೋರ್ಟ್ ಎದುರು ಇಬ್ಬರು ಯುವಕರು. ಒಬ್ಬ ಮಂಡಿಯೂರಿ ಕೂತಿದ್ದಾನೆ, ಇನ್ನೊಬ್ಬನ ಬೆರಳಿಗೆ ಉಂಗುರ ತೊಡಿಸುತ್ತಿದ್ದಾನೆ. ಹಿಂದೆ ಕೋರ್ಟಿನ ಗುಮ್ಮಟ. ಆ ಚಿತ್ರ ದೇಶದ ತುಂಬ ಓಡಾಡಿತು.

ಹಿಂದಿನ ದಿನವಷ್ಟೇ ಅವರು ಅದೇ ಕೋರ್ಟಿನಲ್ಲಿ ಸೋತಿದ್ದರು. ತಮಗೂ ಮದುವೆಯಾಗುವ ಹಕ್ಕು ಬೇಕೆಂದು ಅರ್ಜಿ ಹಾಕಿದ್ದ ಜೋಡಿಗಳಲ್ಲಿ ಅವರದೂ ಒಂದು. ಸೋತ ಮರುದಿನವೇ ನಿಶ್ಚಿತಾರ್ಥ ಮಾಡಿಕೊಂಡು, ಮುಂದೊಂದು ದಿನ ಮತ್ತೆ ಇಲ್ಲಿಗೇ ಬರುತ್ತೇವೆ ಎಂದು ಸಾರಿದಂತಿತ್ತು ಅದು.

ಐವರು ನ್ಯಾಯಮೂರ್ತಿಗಳು ನಾಲ್ಕು ಪ್ರತ್ಯೇಕ ತೀರ್ಪು ಬರೆದಿದ್ದರು. ಮದುವೆಯಾಗುವುದು ಮೂಲಭೂತ ಹಕ್ಕಲ್ಲ ಎಂಬುದರಲ್ಲಿ ಐವರದೂ ಒಂದೇ ಮಾತು. ಸಲಿಂಗ ಜೋಡಿಗಳ ಸಹಬಾಳ್ವೆಗೆ ಸರ್ಕಾರ ಮಾನ್ಯತೆ ಕೊಡಬೇಕು ಎಂದವರು ಡಿ.ವೈ. ಚಂದ್ರಚೂಡ್ ಮತ್ತು ಸಂಜಯ್ ಕಿಶನ್ ಕೌಲ್. ಒಪ್ಪದವರು ಎಸ್. ರವೀಂದ್ರ ಭಟ್, ಹಿಮಾ ಕೊಹ್ಲಿ ಮತ್ತು ಪಿ.ಎಸ್. ನರಸಿಂಹ. ಮೂವರ ಮಾತು ಗೆದ್ದಿತು.

ಬಹುಮತದ ಮುಖ್ಯ ತೀರ್ಪು ಬರೆದ ರವೀಂದ್ರ ಭಟ್ ಮೈಸೂರಿನಲ್ಲಿ ಹುಟ್ಟಿದವರು. ಈ ಜೋಡಿಗಳು ಭವಿಷ್ಯನಿಧಿ, ವಿಮೆಯಂಥ ಸೌಲಭ್ಯಗಳಿಂದ ವಂಚಿತರಾಗುತ್ತಿದ್ದಾರೆ ಎಂಬುದನ್ನು ಅವರೂ ಒಪ್ಪಿದರು. ಆ ಅನ್ಯಾಯ ಸರಿಪಡಿಸುವ ದಾರಿ ಮಾತ್ರ ಬೇರೆ ತೋರಿಸಿದರು. ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿ ರಚನೆಯಾಗಲಿ, ಅದು ಎಲ್ಲವನ್ನೂ ಪರಿಶೀಲಿಸಲಿ ಎಂದರು.

ಎಷ್ಟು ದಿನದೊಳಗೆ? ಅದೊಂದನ್ನು ಬರೆಯಲಿಲ್ಲ. ಇಡೀ ತೀರ್ಪಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ಬರೆಯದೇ ಬಿಟ್ಟ ಆ ಒಂದು ಸಾಲು.

ಸಂಸತ್ತಿಗೆ ಹೋಗಿ, ಕೋರ್ಟ್‌ಗೆ ಹೋಗಿ

ವಿಳಂಬದ ಈ ಕಥೆ 2023ರಲ್ಲಿ ಶುರುವಾದದ್ದಲ್ಲ. 1987ರಲ್ಲಿ ಮಧ್ಯಪ್ರದೇಶದ ಇಬ್ಬರು ಮಹಿಳಾ ಪೊಲೀಸರು ಮದುವೆಯಾದರು, ಕೆಲಸ ಕಳೆದುಕೊಂಡರು. 1991ರಲ್ಲಿ ದೆಹಲಿಯ ‘ಏಡ್ಸ್ ಭೇದಭಾವ್ ವಿರೋಧಿ ಆಂದೋಲನ’ ಒಂದು ವರದಿ ಪ್ರಕಟಿಸಿ, ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ ದಂಡಸಂಹಿತೆಯ 377ನೇ ಕಲಂ ತೆಗೆಯಿರಿ, ವಿಶೇಷ ವಿವಾಹ ಕಾಯ್ದೆ ತಿದ್ದಿ ಎಂದು ಕೇಳಿತು. ಆಗಿನ್ನೂ ಹುಟ್ಟಿರದ ಮಕ್ಕಳು ಬೆಳೆದು ವಕೀಲರಾಗಿ ಅದೇ ಬೇಡಿಕೆಗೆ ವಾದಿಸುವಷ್ಟು ಕಾಲ ಸರಿದಿದೆ.

377ನೇ ಕಲಂ ಒಂದನ್ನು ದಾಟಲು 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಕಾಯಬೇಕಾಯಿತು. ಆ ಕಲಂ ಕೈಬಿಡಿ ಎಂದು ಕಾನೂನು ಆಯೋಗ ತನ್ನ 172ನೇ ವರದಿಯಲ್ಲಿ 2000ದಲ್ಲೇ ಹೇಳಿತ್ತು. 2009ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ದುರ್ಬಲಗೊಳಿಸಿತು. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಮತ್ತೆ ಜೀವ ಕೊಟ್ಟು, ಬೇಕಿದ್ದರೆ ಸಂಸತ್ತು ಬದಲಿಸಲಿ ಎಂದಿತು.

ಸಂಸತ್ತು ಏನು ಮಾಡಿತು? 2015ರ ಡಿಸೆಂಬರ್‌ನಲ್ಲಿ ಸಂಸದ ಶಶಿ ತರೂರ್ 377ರ ತಿದ್ದುಪಡಿಗೆ ಖಾಸಗಿ ಮಸೂದೆ ತಂದರು. ಲೋಕಸಭೆ ಅದನ್ನು ಮಂಡಿಸಲೂ ಬಿಡಲಿಲ್ಲ. ಪರವಾಗಿ 24 ಮತ, ವಿರುದ್ಧವಾಗಿ 71. ಮರುವರ್ಷ ಮತ್ತೆ ತಂದಾಗಲೂ ಅದೇ ಗತಿ. ಮುಂದೆ 2018ರಲ್ಲಿ ಇದೇ ವಿಷಯ ಕೋರ್ಟ್ ಮುಂದೆ ಬಂದಾಗ ಕೇಂದ್ರ ಸರ್ಕಾರ ತನ್ನ ನಿಲುವು ಹೇಳದೆ, ತೀರ್ಮಾನವನ್ನು ಕೋರ್ಟಿನ ವಿವೇಚನೆಗೇ ಬಿಟ್ಟಿತು.

ಮದುವೆಯ ಪ್ರಶ್ನೆ ಬಂದಾಗ ಸರ್ಕಾರದ ಮಾತು ತಿರುಗಿತು. ಇದು ಸಂಸತ್ತಿನ ಕೆಲಸ, ಕೋರ್ಟ್ ಕೈಹಾಕಬಾರದು ಎಂದಿತು. ಸಂಸದೆ ಸುಪ್ರಿಯಾ ಸುಳೆ 2022ರ ಏಪ್ರಿಲ್‌ನಲ್ಲೇ ವಿಶೇಷ ವಿವಾಹ ಕಾಯ್ದೆಯ ತಿದ್ದುಪಡಿಗೆ ಖಾಸಗಿ ಮಸೂದೆ ಮಂಡಿಸಿದ್ದರು. ಸಂಸತ್ತು ಅದನ್ನು ಕಾನೂನು ಮಾಡಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಈ ಕೌಂಟರಿನವರು ಆ ಕೌಂಟರಿಗೆ, ಆ ಕೌಂಟರಿನವರು ಈ ಕೌಂಟರಿಗೆ ಕಳಿಸಿ ಸಂಜೆ ಮಾಡಿಸುತ್ತಾರಲ್ಲ, ಹಾಗೆ ಈ ಜನರನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಲೆಸಲಾಗಿದೆ.

ವಿಚಾರಣೆ ನಡೆದ ಹತ್ತು ದಿನ

2023ರ ಏಪ್ರಿಲ್ 18ರಿಂದ ಮೇ 11ರ ನಡುವೆ ಹತ್ತು ದಿನ ವಿಚಾರಣೆ ನಡೆಯಿತು. ನೇರ ಪ್ರಸಾರವಿತ್ತು. ಈ ಬೇಡಿಕೆ ನಗರದ ಮೇಲ್ವರ್ಗದವರದ್ದು ಎಂದು ಕೇಂದ್ರ ತನ್ನ ಅರ್ಜಿಯಲ್ಲಿ ಬರೆದಿತ್ತು. ಒಪ್ಪಿದರೆ 160 ಕಾನೂನು ಅಂಶಗಳು ಏರುಪೇರಾಗುತ್ತವೆ ಎಂದು ಸಾಲಿಸಿಟರ್ ಜನರಲ್ ತುಷಾರ್ ಮೆಹ್ತಾ ವಾದಿಸಿದರು.

ಆ 160ರ ಲೆಕ್ಕವನ್ನು ತಿರುಗಿಸಿ ಓದಬೇಕು. ಗಂಡ–ಹೆಂಡತಿಗೆ ಅಷ್ಟೊಂದು ಕಡೆ ಕಾನೂನಿನ ಆಸರೆ ಇದೆ ಎಂದಾದರೆ, ಅಷ್ಟೂ ಕಡೆ ಈ ಜೋಡಿಗಳು ಹೊರಗೆ ನಿಂತಿದ್ದಾರೆ ಎಂದಾಯಿತು.

‘ನಗರದವರ ಶೋಕಿ’ ಎಂಬ ಧಾಟಿಯ ವಾದಕ್ಕೆ ಉತ್ತರ ಕೋರ್ಟಿನ ಅರ್ಜಿಗಳಲ್ಲೇ ಇತ್ತು. ಬೆಂಗಳೂರಿನ ಅಕ್ಕೈ ಪದ್ಮಶಾಲಿ ಅರ್ಜಿದಾರರಲ್ಲಿ ಒಬ್ಬರು. ಮನೆಯಿಂದ ಹೊರದೂಡಿಸಿಕೊಂಡು, ಬೀದಿಯಲ್ಲಿ ಬದುಕು ಕಟ್ಟಿಕೊಳ್ಳುವ ಲಿಂಗತ್ವ ಅಲ್ಪಸಂಖ್ಯಾತರ ನಡುವೆಯೇ ಕೆಲಸ ಮಾಡಿದವರು, ರಾಜ್ಯೋತ್ಸವ ಪ್ರಶಸ್ತಿ ಪುರಸ್ಕೃತರು. ಅವರ ಪರ ವಾದಿಸಿದ್ದು ಹಿರಿಯ ವಕೀಲೆ ಜಯ್ನಾ ಕೊಠಾರಿ. ಲಿಂಗತ್ವ ಅಲ್ಪಸಂಖ್ಯಾತರು ಗಂಡು–ಹೆಣ್ಣಿನ ಸಂಬಂಧದಲ್ಲಿದ್ದರೆ ಈಗಿರುವ ಕಾನೂನಿನಡಿಯೇ ಮದುವೆಯಾಗಬಹುದು ಎಂದು ಐವರೂ ನ್ಯಾಯಮೂರ್ತಿಗಳು ಒಪ್ಪಿದರು. ಆ ತೀರ್ಪಿನಲ್ಲಿ ಕೈಗೆ ಸಿಕ್ಕ ಗಟ್ಟಿ ಫಲ ಅದೊಂದೇ.

ಸಮಿತಿಯ ಮಾತು ಬಂದದ್ದು ಮೇ 3ರಂದು. ಮದುವೆಯ ತಂಟೆಗೆ ಹೋಗದೆ, ಜಂಟಿ ಬ್ಯಾಂಕ್ ಖಾತೆಯಂಥ ದಿನನಿತ್ಯದ ತೊಡಕುಗಳನ್ನು ಬಗೆಹರಿಸಬಹುದೇ ಎಂದು ಪೀಠ ಕೇಳಿತ್ತು. ಸಮಿತಿ ರಚಿಸುತ್ತೇವೆ ಎಂದರು ಮೆಹ್ತಾ.

ಮೇ 10ರಂದು ಕೇಂದ್ರವು ರಾಜ್ಯಗಳ ಉತ್ತರಗಳನ್ನು ಕೋರ್ಟ್ ಮುಂದಿಟ್ಟಿತು. ಉತ್ತರ ಬರೆದಿದ್ದು ಏಳೇ ರಾಜ್ಯ. ರಾಜಸ್ಥಾನ, ಅಸ್ಸಾಂ, ಆಂಧ್ರಪ್ರದೇಶ ವಿರೋಧಿಸಿದ್ದವು. ಮಹಾರಾಷ್ಟ್ರ, ಉತ್ತರ ಪ್ರದೇಶ, ಮಣಿಪುರ, ಸಿಕ್ಕಿಂ ಇನ್ನಷ್ಟು ಸಮಯ ಕೇಳಿದ್ದವು. ಆ ಏಳರಲ್ಲಿ ಕರ್ನಾಟಕ ಇರಲಿಲ್ಲ. ಅದೇ ದಿನ ನಾವು ವಿಧಾನಸಭೆಗೆ ಮತ ಹಾಕುತ್ತಿದ್ದೆವು.

> ಕಾನೂನಿಗೆ ‘ಹತ್ತಿರದವರು’ ಯಾರು?
>
> ಅಂಗದಾನ: 1994ರ ಮಾನವ ಅಂಗಾಂಗ ಕಸಿ ಕಾಯ್ದೆಯ ‘ಹತ್ತಿರದ ಸಂಬಂಧಿ’ ಪಟ್ಟಿಯಲ್ಲಿ ಗಂಡ/ಹೆಂಡತಿ, ಹೆತ್ತವರು, ಮಕ್ಕಳು, ಒಡಹುಟ್ಟಿದವರು, ಅಜ್ಜ–ಅಜ್ಜಿ, ಮೊಮ್ಮಕ್ಕಳು ಇದ್ದಾರೆ. ಸಲಿಂಗ ಸಂಗಾತಿ ಕಿಡ್ನಿ ಕೊಡಬೇಕೆಂದರೆ ಹೊರಗಿನವರಂತೆ ಅನುಮತಿ ಸಮಿತಿಯ ಮುಂದೆ ನಿಲ್ಲಬೇಕು.
>
> ಜೀವವಿಮೆ: ನಾಮಿನಿಯಾದ ಹೆತ್ತವರು, ಗಂಡ/ಹೆಂಡತಿ, ಮಕ್ಕಳಿಗೆ ಹಣದ ಮೇಲೆ ಸ್ವಂತ ಹಕ್ಕು ಬರುತ್ತದೆ. ಸಲಿಂಗ ಸಂಗಾತಿ ನಾಮಿನಿಯಾದರೆ ಆ ರಕ್ಷಣೆ ಇಲ್ಲ. ವಾರಸುದಾರರು ಬಂದು ಕೇಳಬಹುದು.
>
> ಉಡುಗೊರೆ: ಚಿಕ್ಕಪ್ಪ, ಸೋದರತ್ತೆ ಎಷ್ಟು ಹಣ ಕೊಟ್ಟರೂ ಆದಾಯ ತೆರಿಗೆ ಇಲ್ಲ. ಸಲಿಂಗ ಸಂಗಾತಿ ವರ್ಷದಲ್ಲಿ 50,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಪಡೆದವರು ತೆರಿಗೆ ಕಟ್ಟಬೇಕು. ಇದನ್ನು ಪ್ರಶ್ನಿಸಿದ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟ್ 2025ರ ಆಗಸ್ಟ್‌ನಲ್ಲಿ ನೋಟಿಸ್ ಕೊಟ್ಟಿದೆ.

ಸಮಿತಿ ಬಂತು, ಆಮೇಲೆ?

ಸಮಿತಿ ರಚನೆಯಾದದ್ದು 2024ರ ಏಪ್ರಿಲ್ 16ರಂದು. ತೀರ್ಪು ಬಂದು ಆರು ತಿಂಗಳಾಗಿತ್ತು. ಲೋಕಸಭೆಯ ಮೊದಲ ಹಂತದ ಮತದಾನಕ್ಕೆ ಮೂರು ದಿನವಿತ್ತು. ಸದಸ್ಯರೆಲ್ಲ ಗೃಹ, ಆರೋಗ್ಯ, ಸಾಮಾಜಿಕ ನ್ಯಾಯ ಮುಂತಾದ ಇಲಾಖೆಗಳ ಕಾರ್ಯದರ್ಶಿಗಳು. ಯಾರ ಬದುಕಿನ ಬಗ್ಗೆ ಚರ್ಚೆಯೋ ಅವರ ಪ್ರತಿನಿಧಿಗೆ ಅಲ್ಲೊಂದು ಕುರ್ಚಿ ಮೀಸಲಿರಲಿಲ್ಲ.

ಆ ವರ್ಷದ ಆಗಸ್ಟ್ ಹೊತ್ತಿಗೆ ಕೆಲವು ಪತ್ರಗಳು ಹೊರಬಂದವು. ಪಡಿತರ ಚೀಟಿಗೆ ಸಂಗಾತಿಗಳನ್ನು ಒಂದೇ ಮನೆಯವರೆಂದು ಎಣಿಸಿ ಎಂದು ರಾಜ್ಯಗಳಿಗೆ ಒಂದು ಪತ್ರ. ಇದು ಉಪಯೋಗದ್ದು, ಸ್ವಾಗತಿಸಬೇಕು. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ ಎಂದು ಇನ್ನೊಂದು. ಜಂಟಿ ಖಾತೆಗೆ ಬಂಧುವೇ ಆಗಬೇಕೆಂಬ ನಿಯಮ ಹಿಂದೆಯೂ ಇರಲಿಲ್ಲ. ಇಬ್ಬರು ಗೆಳೆಯರು ತೆರೆಯಬಹುದಿತ್ತು. ಬ್ಯಾಂಕ್ ಸಿಬ್ಬಂದಿಯ ಅನುಮಾನ ತೀರಿರಬಹುದು, ಹೊಸ ಹಕ್ಕು ಹುಟ್ಟಲಿಲ್ಲ.

ಮೂರನೆಯದು ಆರೋಗ್ಯ ಸಚಿವಾಲಯದ್ದು. ಹತ್ತಿರದ ಬಂಧುಗಳು ಇಲ್ಲದಿದ್ದಾಗ ಮೃತದೇಹವನ್ನು ಸಂಗಾತಿ ಪಡೆಯಲು ಅವಕಾಶ ಕೊಡಿ ಎಂಬ ಸೂಚನೆ. ಆರು ತಿಂಗಳ ಹಿಂದಷ್ಟೇ ಕೇರಳದಲ್ಲಿ ಒಬ್ಬ ಯುವಕ ತೀರಿಕೊಂಡ ತನ್ನ ಸಂಗಾತಿಯ ದೇಹಕ್ಕಾಗಿ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಗಿ ಬಂದಿತ್ತು. ಪತ್ರದ ಷರತ್ತನ್ನು ಗಮನಿಸಿ: ಬಂಧುಗಳು ಇಲ್ಲದಿದ್ದಾಗ. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಣ್ಣ ಬಂದು ನಿಂತರೆ, ಕೊನೆಯ ತುತ್ತು ಉಣಿಸಿದ ಕೈ ಹಿಂದೆ ಸರಿಯಬೇಕು.

ಜಯನಗರದಲ್ಲೋ ಹುಬ್ಬಳ್ಳಿಯ ವಿದ್ಯಾನಗರದಲ್ಲೋ ಇಪ್ಪತ್ತು ವರ್ಷದಿಂದ ಒಟ್ಟಿಗೆ ಬಾಳುತ್ತಿರುವ ಇಬ್ಬರು ಹೆಂಗಸರನ್ನು ಊಹಿಸಿಕೊಳ್ಳಿ. ನೆರೆಹೊರೆಯವರಿಗೆ ಅವರು ‘ಟೀಚರ್ ಮತ್ತವರ ಫ್ರೆಂಡ್’. ಟೀಚರ್ ತೀರಿಕೊಂಡರೆ ಕುಟುಂಬ ಪಿಂಚಣಿ ಗೆಳತಿಗೆ ಬರುವುದಿಲ್ಲ. ಮನೆ ಟೀಚರ್ ಹೆಸರಿನಲ್ಲಿದ್ದು ವಿಲ್ ಬರೆಯದೇ ಹೋಗಿದ್ದರೆ ಅದು ಸೋದರಳಿಯಂದಿರ ಪಾಲು. ಇಬ್ಬರೂ ಕೂಡಿ ಕಟ್ಟಿದ ಸಾಲದ ಕಂತು ಲೆಕ್ಕಕ್ಕೆ ಬರುವುದಿಲ್ಲ. ಶ್ರೀಮಂತರು ವಕೀಲರನ್ನಿಟ್ಟು ವಿಲ್, ಟ್ರಸ್ಟ್, ಪವರ್ ಆಫ್ ಅಟಾರ್ನಿ ಎಂದು ಬೇಲಿ ಕಟ್ಟಿಕೊಳ್ಳುತ್ತಾರೆ. ಕಾನೂನಿನ ಮಾನ್ಯತೆ ಹೆಚ್ಚು ಬೇಕಿರುವುದು ವಕೀಲರ ಫೀಸು ಭರಿಸಲಾಗದವರಿಗೆ.

2025ರ ಜನವರಿ 9ರಂದು ಮರುಪರಿಶೀಲನಾ ಅರ್ಜಿಗಳೂ ಬಿದ್ದುಹೋದವು. ಮೊದಲ ಪೀಠದ ಐವರಲ್ಲಿ ನಾಲ್ವರು ಆ ಹೊತ್ತಿಗೆ ನಿವೃತ್ತರಾಗಿದ್ದರು. ಹೊಸ ಪೀಠದಲ್ಲಿ ಪಾಂಡವಪುರ ಮೂಲದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರೂ ಇದ್ದರು. ತೆರೆದ ನ್ಯಾಯಾಲಯದಲ್ಲಿ ವಾದ ಕೇಳದೆ, ಕೊಠಡಿಯಲ್ಲೇ ಪರಿಶೀಲಿಸಿ ವಜಾ ಮಾಡಲಾಯಿತು. ಅಲ್ಲಿಗೆ ಉಳಿದದ್ದು ತಾರೀಖಿಲ್ಲದ ಆ ಸಮಿತಿ.

ತೈಪೆಯ ಮಳೆ, ಹಾಂಗ್‌ಕಾಂಗ್‌ನ ಮತ

ಗಡುವಿಗೆ ಇಷ್ಟೇಕೆ ಮಹತ್ವ ಎಂಬುದಕ್ಕೆ ಏಷ್ಯಾದಲ್ಲೇ ಮೂರು ಉದಾಹರಣೆಗಳಿವೆ.

ತೈವಾನ್‌ನ ಚಿ ಚಿಯಾ–ವೀ 1986ರಲ್ಲಿ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡರು, ಮದುವೆ ನೋಂದಣಿಗೆ ಅರ್ಜಿ ಹಾಕಿದರು. ತಿರಸ್ಕೃತವಾಯಿತು. ಮತ್ತೆ ಹಾಕಿದರು. ಕೂದಲು ನರೆಯುವವರೆಗೂ ಬಿಡಲಿಲ್ಲ. 2017ರ ಮೇ 24ರಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಆ ತೀರ್ಪಿನ ಜಾಣತನ ಇರುವುದು ಅದರ ಕೊನೆಯಲ್ಲಿ. ಎರಡು ವರ್ಷದೊಳಗೆ ಸಂಸತ್ತು ಕಾನೂನು ತಿದ್ದಬೇಕು; ತಿದ್ದದಿದ್ದರೆ ಈಗಿರುವ ಕಾನೂನಿನಡಿಯೇ ಜೋಡಿಗಳು ನೇರವಾಗಿ ಹೋಗಿ ನೋಂದಾಯಿಸಿಕೊಳ್ಳಬಹುದು.

ಅಂದರೆ ಸುಮ್ಮನೆ ಕೂರುವುದರಿಂದ ರಾಜಕಾರಣಿಗಳಿಗೆ ಲಾಭವಿರಲಿಲ್ಲ. 2018ರ ನವೆಂಬರ್‌ನ ಜನಮತ ಗಣನೆಯಲ್ಲಿ ಬಹುಸಂಖ್ಯಾತರು ಸಲಿಂಗ ವಿವಾಹವನ್ನು ವಿರೋಧಿಸಿದರೂ ಗಡಿಯಾರ ನಿಲ್ಲಲಿಲ್ಲ. 2019ರ ಮೇ 17ರಂದು ರಾಜಧಾನಿ ತೈಪೆಯಲ್ಲಿ ಮಳೆ. ಸಂಸತ್ ಭವನದ ಹೊರಗೆ ಸಾವಿರಾರು ಜನ ಕೊಡೆ ಹಿಡಿದು ಕಾಯುತ್ತಿದ್ದರು. ಮಸೂದೆ ಅಂಗೀಕಾರವಾಯಿತು. ಕೋರ್ಟ್ ಕೊಟ್ಟ ಗಡುವಿನ ದಿನವಾದ ಮೇ 24ರಂದೇ ನೋಂದಣಿ ಆರಂಭವಾಗಿ, ಮೊದಲ ದಿನವೇ 526 ಜೋಡಿಗಳ ಮದುವೆ ದಾಖಲಾಯಿತು.

ಹಾಂಗ್‌ಕಾಂಗ್‌ನಲ್ಲಿ ಅತ್ಯುನ್ನತ ನ್ಯಾಯಾಲಯ 2023ರ ಸೆಪ್ಟೆಂಬರ್ 5ರಂದು ತೀರ್ಪು ಕೊಟ್ಟಿತು. ನಮ್ಮದಕ್ಕಿಂತ ಆರು ವಾರ ಮೊದಲು. ಮದುವೆಯ ಹಕ್ಕನ್ನು ಅದು ಒಪ್ಪಲಿಲ್ಲ, ಆದರೆ ಬದಲಿ ಮಾನ್ಯತೆಯ ವ್ಯವಸ್ಥೆ ಬೇಕೇ ಬೇಕು ಎಂದಿತು. ಎರಡು ವರ್ಷ ಕಾಲ ಕೊಟ್ಟಿತು. ಸರ್ಕಾರ ಕೊನೆಗಳಿಗೆಯಲ್ಲಿ ಬಹಳ ಸಣ್ಣ ಮಸೂದೆಯೊಂದನ್ನು ತಂದಿತು: ವಿದೇಶದಲ್ಲಿ ಮದುವೆಯಾದವರಿಗಷ್ಟೇ ನೋಂದಣಿ, ಆಸ್ಪತ್ರೆಯ ವಿಷಯಗಳಲ್ಲಿ ಮತ್ತು ಮರಣಾನಂತರದ ವ್ಯವಹಾರಗಳಲ್ಲಿ ಒಂದಿಷ್ಟು ಹಕ್ಕು. 2025ರ ಸೆಪ್ಟೆಂಬರ್ 10ರಂದು ಶಾಸನಸಭೆ ಅದನ್ನೂ ತಿರಸ್ಕರಿಸಿತು. ಪರ 14, ವಿರೋಧ 71. ತೈವಾನ್‌ನಂತೆ ‘ಇಲ್ಲದಿದ್ದರೆ’ ಎಂಬ ಮಾತು ಆ ತೀರ್ಪಿನಲ್ಲಿರಲಿಲ್ಲ.

ನೇಪಾಳ ನಮಗೆ ಇನ್ನೂ ಹತ್ತಿರದ ಕನ್ನಡಿ. ಹೋರಾಟಗಾರ ಸುನಿಲ್ ಬಾಬು ಪಂತ್ ಮತ್ತಿತರರ ಅರ್ಜಿಯ ಮೇಲೆ ಅಲ್ಲಿನ ಸುಪ್ರೀಂ ಕೋರ್ಟ್ 2007ರಲ್ಲೇ ತೀರ್ಪು ಕೊಟ್ಟು, ಸಲಿಂಗ ವಿವಾಹದ ಅಧ್ಯಯನಕ್ಕೆ ಸಮಿತಿ ಮಾಡಿ ಎಂದಿತ್ತು. ಸಮಿತಿಯ ವರದಿ ಬಂದದ್ದು 2015ರಲ್ಲಿ. ವರದಿ ಪರವಾಗಿಯೇ ಇತ್ತು. ಆದರೂ 2017ರ ನಾಗರಿಕ ಸಂಹಿತೆ ಮದುವೆ ಎಂದರೆ ಗಂಡು–ಹೆಣ್ಣಿನದು ಎಂದೇ ಬರೆಯಿತು. ಕೊನೆಗೆ 2023ರ ಜೂನ್‌ನಲ್ಲಿ ಮತ್ತೆ ಕೋರ್ಟೇ ಮಧ್ಯಂತರ ಆದೇಶ ಕೊಟ್ಟು ನೋಂದಣಿಗೆ ದಾರಿ ಮಾಡಬೇಕಾಯಿತು. ಲಮ್‌ಜುಂಗ್ ಜಿಲ್ಲೆಯ ದೋರ್ದಿ ಎಂಬ ಗ್ರಾಮೀಣ ಪಾಲಿಕೆಯಲ್ಲಿ ಮೊದಲ ಮದುವೆ ದಾಖಲಾದದ್ದು ಅದೇ ವರ್ಷದ ನವೆಂಬರ್ 29ರಂದು. ಮೊದಲ ತೀರ್ಪಿನಿಂದ ಲೆಕ್ಕ ಹಾಕಿದರೆ ಹದಿನಾರು ವರ್ಷ.

ನಮ್ಮ ಸಮಿತಿಗೂ ನೇಪಾಳದ ಸಮಿತಿಗೂ ಹುಟ್ಟಿನಲ್ಲಿ ಹೋಲಿಕೆ ಇದೆ. ಅದಕ್ಕೇ ನನಗೆ ಭಯ.

> ಕರ್ನಾಟಕದ ಒಬ್ಬ ನ್ಯಾಯಮೂರ್ತಿ
>
> ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪು ಬಂದದ್ದು. ಲೈಂಗಿಕ ಒಲವು ಆ ಖಾಸಗಿತನದ ಭಾಗ ಎಂದು ಅಲ್ಲಿ ಬರೆದದ್ದೇ ಮರುವರ್ಷ 377ನೇ ಕಲಂ ವಿರುದ್ಧದ ತೀರ್ಪಿಗೆ ಬುನಾದಿಯಾಯಿತು.

ದೆಹಲಿಯನ್ನೇ ಕಾಯಬೇಕೆ?

ಬೇಕಿಲ್ಲ ಎಂಬುದು ನನ್ನ ವಾದ. ಮದುವೆ, ವಿಚ್ಛೇದನ, ವಾರಸುದಾರಿಕೆ ಸಂವಿಧಾನದ ಸಮವರ್ತಿ ಪಟ್ಟಿಯ 5ನೇ ವಿಷಯದಲ್ಲಿವೆ. ಕೇಂದ್ರದಷ್ಟೇ ರಾಜ್ಯಗಳೂ ಕಾನೂನು ಮಾಡಬಹುದು. ಕೇಂದ್ರ ಕಾಯ್ದೆಗೆ ಅಡ್ಡ ಬಂದರೆ ರಾಷ್ಟ್ರಪತಿಗಳ ಒಪ್ಪಿಗೆ ಬೇಕು ಅಷ್ಟೆ. 1967ರಲ್ಲಿ ತಮಿಳುನಾಡು ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗಳಿಗೆ ಮಾನ್ಯತೆ ಕೊಟ್ಟದ್ದು ಹಾಗೆಯೇ, ಹಿಂದೂ ವಿವಾಹ ಕಾಯ್ದೆಗೆ ತನ್ನ ತಿದ್ದುಪಡಿ ತಂದು. ಮದ್ರಾಸ್ ಹೈಕೋರ್ಟ್ ಕೂಡ ಈ ವಿಷಯದಲ್ಲಿ ಮುಂದಿದೆ. ಕುಟುಂಬ ಕಟ್ಟಿಕೊಳ್ಳಲು ಮದುವೆಯೊಂದೇ ದಾರಿಯಲ್ಲ ಎಂದು 2025ರ ಮೇ ತಿಂಗಳಲ್ಲಿ ಅದು ಹೇಳಿತು.

ಕನ್ನಡನಾಡಿಗೂ ಮೊದಲು ನಡೆದು ಅಭ್ಯಾಸವಿದೆ. ಮೈಸೂರು ಸಂಸ್ಥಾನ ಹಿಂದೂ ಹೆಣ್ಣುಮಕ್ಕಳ ಹಕ್ಕುಗಳಿಗೆ ಕಾಯ್ದೆ ತಂದದ್ದು 1933ರಲ್ಲಿ. ಬ್ರಿಟಿಷ್ ಇಂಡಿಯಾ ಅಂಥದ್ದೊಂದನ್ನು ತಂದದ್ದು 1937ರಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡಲು ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದಿತು. ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ಕೊಟ್ಟ ಮೊದಲ ರಾಜ್ಯವೂ ನಮ್ಮದೇ, 2021ರಲ್ಲಿ.

ತೀರಾ ಈಚಿನದೂ ಒಂದಿದೆ. ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಜಾರಿಗೆ ತರಲು ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ತನಗೆ ಮಾತಾಡಲಾಗದ ಸ್ಥಿತಿ ಬಂದಾಗ ತನ್ನ ಪರವಾಗಿ ಚಿಕಿತ್ಸೆಯ ತೀರ್ಮಾನ ಮಾಡುವ ಇಬ್ಬರನ್ನು ಯಾರೇ ಆಗಲಿ ಮೊದಲೇ ಬರೆದಿಡಬಹುದು. ದೆಹಲಿಯ ಕಾಯ್ದೆಗಾಗಿ ಕರ್ನಾಟಕ ಕಾದು ಕೂರಲಿಲ್ಲ.

ಹಾಗಿದ್ದ ಮೇಲೆ ಸಂಗಾತಿಗಳ ನೋಂದಣಿಗೆ ಏಕೆ ಕಾಯಬೇಕು? 2024ರ ಲೋಕಸಭಾ ಚುನಾವಣೆಯ ಪ್ರಣಾಳಿಕೆಯಲ್ಲಿ ಕಾಂಗ್ರೆಸ್ ಪಕ್ಷ, ವ್ಯಾಪಕ ಸಮಾಲೋಚನೆ ನಡೆಸಿ ಸಲಿಂಗ ಜೋಡಿಗಳ ಸಹಬಾಳ್ವೆಗೆ ಮಾನ್ಯತೆ ಕೊಡುವ ಕಾನೂನು ತರುತ್ತೇವೆ ಎಂದು ಬರೆದಿತ್ತು. ದೆಹಲಿಯಲ್ಲಿ ಅದಕ್ಕೆ ಅಧಿಕಾರ ಸಿಗಲಿಲ್ಲ. ಬೆಂಗಳೂರಿನಲ್ಲಿ 2023ರ ಮೇ ತಿಂಗಳಿಂದ ಅದರದೇ ಸರ್ಕಾರವಿದೆ. ಆ ಪ್ರಣಾಳಿಕೆಯನ್ನು ನಂಬಿ ಮತ ಹಾಕಿದವರು ಈ ಪ್ರಶ್ನೆ ಕೇಳಬೇಕು. ಕೇಂದ್ರವನ್ನು ಟೀಕಿಸುವ ಪಕ್ಷ ತನ್ನ ಕೈಯಲ್ಲಿರುವ ಅಧಿಕಾರವನ್ನು ಬಳಸದೆ ಕೂತರೆ ಅದೂ ವಿಳಂಬದ ಪಾಲುದಾರನೇ.

ಕೆಲವಕ್ಕೆ ಮಸೂದೆಯೂ ಬೇಡ. ಆಸ್ಪತ್ರೆಗಳಲ್ಲಿ ರೋಗಿ ಹೆಸರಿಸಿದ ವ್ಯಕ್ತಿಯನ್ನೇ ಹತ್ತಿರದವರೆಂದು ಒಪ್ಪಬೇಕು ಎಂದು ಆರೋಗ್ಯ ಇಲಾಖೆ ಇನ್ನೊಂದು ಸುತ್ತೋಲೆಯಲ್ಲಿ ಹೇಳಬಹುದು. ರಾಜ್ಯ ಸರ್ಕಾರಿ ನೌಕರರ ಕುಟುಂಬ ಪಿಂಚಣಿ, ವೈದ್ಯಕೀಯ ವೆಚ್ಚದ ನಿಯಮಗಳಲ್ಲಿ ‘ಕುಟುಂಬ’ ಎಂದರೆ ಯಾರು ಎಂಬುದನ್ನು ರಾಜ್ಯವೇ ತಿದ್ದಬಹುದು. ಉಳಿದದ್ದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಇಬ್ಬರು ವಯಸ್ಕರು ಸಂಗಾತಿಗಳೆಂದು ನೋಂದಾಯಿಸಿಕೊಳ್ಳಲು ಅವಕಾಶ ಕೊಡುವ ಒಂದು ಸಣ್ಣ ಕಾಯ್ದೆ ಸಾಕು. ಚಳಿಗಾಲದ ಅಧಿವೇಶನಕ್ಕೆ ಬೆಳಗಾವಿಯಲ್ಲಿ ಸೇರುವಾಗ ಆ ಮಸೂದೆ ಸದನದ ಮೇಜಿನ ಮೇಲಿರಲಿ. ಅದು ಜಾರಿಗೆ ಬರುವ ತಾರೀಖನ್ನು ಸರ್ಕಾರ ಮುಂದೆ ಅಧಿಸೂಚಿಸುತ್ತದೆ ಎಂದು ಬಿಟ್ಟುಬಿಡದೆ, ಮೊದಲ ಕಲಮಿನಲ್ಲೇ ಬರೆಯಲಿ.